ಮದ್ಯ ಸೇವಿಸಿ ವಾಹನ ಚಲಾಯಿಸಿದ ಪ್ರಕರಣ: ದಂಡ ಕಟ್ಟಿ ಮುಗಿಸಬೇಕೇ, ಮೊದಲು ವಕೀಲರನ್ನು ಕಾಣಬೇಕೇ?

ಪ್ರಶ್ನೆ: ಉಣಕಲ್ಲಿನ ಅಣ್ಣ

ಎಲ್ಲರಿಗೂ ನಮಸ್ಕಾರ. ಕಾನೂನು ಬಲ್ಲವರು ಮತ್ತು ಇಂಥ ಪ್ರಕರಣವನ್ನು ಸ್ವತಃ ಎದುರಿಸಿದವರು ದಯವಿಟ್ಟು ಉತ್ತರಿಸಬೇಕು.

ಕಳೆದ ಶನಿವಾರ ರಾತ್ರಿ ನನ್ನ ತಮ್ಮ ಗೆಳೆಯರೊಂದಿಗೆ ಊಟ ಮುಗಿಸಿಕೊಂಡು ಬೈಕಿನಲ್ಲಿ ಮನೆಗೆ ಬರುತ್ತಿದ್ದಾಗ ಹುಬ್ಬಳ್ಳಿಯಲ್ಲಿ ಸಂಚಾರ ಪೊಲೀಸರು ತಡೆದು ಉಸಿರಿನ ತಪಾಸಣೆ ಮಾಡಿದರು. ಯಂತ್ರವು 64 ಎಂದು ತೋರಿಸಿತು. ಅವನು ಯಾರಿಗೂ ಡಿಕ್ಕಿ ಹೊಡೆದಿರಲಿಲ್ಲ, ಪೊಲೀಸರೊಂದಿಗೆ ವಾದಕ್ಕೂ ಇಳಿಯಲಿಲ್ಲ. ಯಂತ್ರದಿಂದ ಬಂದ ಚೀಟಿಗೆ ಅವನ ಸಹಿ ಪಡೆದು, ಬೈಕನ್ನು ಠಾಣೆಯಲ್ಲಿ ನಿಲ್ಲಿಸಿಕೊಂಡು, ಚಾಲನಾ ಪರವಾನಗಿಯನ್ನು ಇಟ್ಟುಕೊಂಡು, ನ್ಯಾಯಾಲಯಕ್ಕೆ ಹಾಜರಾಗಬೇಕೆಂಬ ನೋಟಿಸನ್ನು ಕೈಗೆ ಕೊಟ್ಟು ಕಳುಹಿಸಿದರು. ಬೈಕು ನಮ್ಮ ತಂದೆಯವರ ಹೆಸರಿನಲ್ಲಿದೆ.

ತಮ್ಮ ಔಷಧ ಕಂಪನಿಯೊಂದರ ಪ್ರತಿನಿಧಿ. ವಾರಕ್ಕೆ ಮೂರು ದಿನ ಗದಗ, ಲಕ್ಷ್ಮೇಶ್ವರ, ಹಾವೇರಿ ಎಂದು ವೈದ್ಯರನ್ನು ಕಾಣುತ್ತ ತಿರುಗುವುದೇ ಅವನ ಕೆಲಸ. ಪರವಾನಗಿ ಹೋದರೆ ಪಗಾರವೂ ಹೋದಂತೆಯೇ. ನ್ಯಾಯಾಲಯದ ಹೊರಗೆ ಜೆರಾಕ್ಸ್ ಅಂಗಡಿಯ ಬಳಿ ನಿಲ್ಲುವ ಒಬ್ಬರು, ತಾವು ವಕೀಲರೋ ಗುಮಾಸ್ತರೋ ಎಂಬುದನ್ನೂ ಹೇಳದೆ, ಹದಿಮೂರು ಸಾವಿರ ರೂಪಾಯಿ ಕೊಟ್ಟರೆ ದಂಡ ಕಟ್ಟಿಸಿ ಅಂದೇ ಗಾಡಿ ಬಿಡಿಸಿಕೊಡುವುದಾಗಿ ಹೇಳುತ್ತಿದ್ದಾರೆ. ನಮ್ಮ ಸೋದರಮಾವ, "ಹತ್ತು ಸಾವಿರದ ಕೇಸಿಗೆ ವಕೀಲರು ಯಾಕೆ, ಹೋಗಿ ತಪ್ಪಾಯಿತು ಎಂದುಬಿಡಿ" ಎನ್ನುತ್ತಾರೆ. ತಂದೆಯವರಿಗೆ ತಮ್ಮ ಹೆಸರು ಎಲ್ಲಿ ಕೇಸಿನಲ್ಲಿ ಸೇರುತ್ತದೋ ಎಂಬ ಚಿಂತೆ ಹತ್ತಿದೆ.

ತಮ್ಮ ಕುಡಿದಿದ್ದು ನಿಜ. ಅವನನ್ನು ಸುಳ್ಳು ಹೇಳಿ ಪಾರು ಮಾಡುವ ಆಸೆ ನನಗಿಲ್ಲ. ಆದರೆ ಒಮ್ಮೆ ತಪ್ಪೊಪ್ಪಿಕೊಂಡ ಮೇಲೆ ಏನೇನು ಬೆನ್ನು ಹತ್ತುತ್ತದೆ ಎಂಬುದನ್ನು ತಿಳಿದುಕೊಂಡೇ ಹೆಜ್ಜೆ ಇಡಬೇಕೆಂದಿದ್ದೇನೆ. ಇಂಥ ಸಣ್ಣ ಪ್ರಕರಣಕ್ಕೂ ವಕೀಲರು ಬೇಕೇ? ಬೇಕಾದರೆ ಯಾವ ಹಂತದಲ್ಲಿ?

ಉತ್ತರ: ಧಾರವಾಡದ ವಕೀಲ

ಧಾರವಾಡ ಮತ್ತು ಹುಬ್ಬಳ್ಳಿಯ ನ್ಯಾಯಾಲಯಗಳಲ್ಲಿ ಎರಡು ದಶಕಗಳಿಂದ ಕ್ರಿಮಿನಲ್ ಪ್ರಕರಣಗಳನ್ನು ನಡೆಸುತ್ತಿರುವವನಾಗಿ ಬರೆಯುತ್ತಿದ್ದೇನೆ. ನಿಮ್ಮ ತಮ್ಮನ ಕಾಗದಗಳನ್ನು ನಾನು ನೋಡಿಲ್ಲವಾದ್ದರಿಂದ ಇದನ್ನು ಸಾಮಾನ್ಯ ತಿಳಿವಳಿಕೆಯೆಂದು ಓದಿಕೊಳ್ಳಿ.

ಮೋಟಾರು ವಾಹನ ಕಾಯ್ದೆ, 1988ರ 185ನೇ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದು ವಾಹನ ಚಲಾಯಿಸುವುದು, ಅಥವಾ ಚಲಾಯಿಸಲು ಯತ್ನಿಸುವುದು ಕೂಡ, ಅಪರಾಧ. ಮೊದಲ ಸಲಕ್ಕೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಹತ್ತು ಸಾವಿರ ರೂಪಾಯಿ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗಿನ ಸೆರೆವಾಸ, ಅಥವಾ ಹದಿನೈದು ಸಾವಿರ ದಂಡ, ಅಥವಾ ಎರಡೂ. 2019ರ ಸೆಪ್ಟೆಂಬರ್ 1ಕ್ಕಿಂತ ಮೊದಲು ಕಾಯ್ದೆಯಲ್ಲಿ "ಎರಡು ಸಾವಿರದವರೆಗೆ" ದಂಡವೆಂದು ಇತ್ತು. ತಿದ್ದುಪಡಿಯ ನಂತರ "ವರೆಗೆ" ಎಂಬ ಮಾತು ಹೋಗಿ ಹತ್ತು ಸಾವಿರವೆಂದೇ ಆಗಿದೆ. "ಸಾಹೇಬರಿಗೆ ಹೇಳಿ ಎರಡು ಸಾವಿರಕ್ಕೆ ಇಳಿಸುತ್ತೇನೆ" ಎಂದು ಯಾರಾದರೂ ಮುಂಗಡ ಕೇಳಿದರೆ ಕೊಡಬೇಡಿ.

ಈ ಅಪರಾಧವನ್ನು ರಸ್ತೆಯಲ್ಲಿಯೇ ದಂಡ ಕಟ್ಟಿ ರಾಜಿ ಮಾಡಿಕೊಳ್ಳಲು ಬರುವುದಿಲ್ಲ. ಹೆಲ್ಮೆಟ್ ಇಲ್ಲದ್ದು, ಸಿಗ್ನಲ್ ದಾಟಿದ್ದು ಮುಂತಾದವು 200ನೇ ಕಲಮಿನಡಿ ರಾಜಿಯಾಗುತ್ತವೆ. 185 ಆ ಪಟ್ಟಿಯಲ್ಲಿಲ್ಲ. ರಾಜ್ಯ ಸರ್ಕಾರ 2019ರಲ್ಲಿ ಕೆಲವು ದಂಡಗಳನ್ನು ಇಳಿಸಿದಾಗಲೂ, 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧದಷ್ಟು ರಿಯಾಯಿತಿ ಕೊಟ್ಟಾಗಲೂ ಕುಡಿದು ಚಲಾಯಿಸಿದವರಿಗೆ ಅದರ ಲಾಭ ಸಿಗಲಿಲ್ಲ. ಕಾರಣ ಇಷ್ಟೇ: ಇಲ್ಲಿ ದಂಡ ಹಾಕುವವರು ನ್ಯಾಯದಂಡಾಧಿಕಾರಿಗಳು, ಪೊಲೀಸರಲ್ಲ. ನಿಮ್ಮ ಸೋದರಮಾವನವರು ಇದನ್ನು ಚಲನ್ನಿನಂತೆ ಭಾವಿಸಿದ್ದಾರೆ. ತಪ್ಪೊಪ್ಪಿಕೊಂಡು ಕಟ್ಟುವ ಹತ್ತು ಸಾವಿರದ ರಸೀದಿಯ ಹಿಂದೆ ಒಂದು ಶಿಕ್ಷೆಯ ಆದೇಶವಿರುತ್ತದೆ.

ಆ ಆದೇಶದ ಪರಿಣಾಮಗಳಲ್ಲಿ ಜನ ಗಮನಿಸದೆ ಬಿಡುವುದು ಪರವಾನಗಿಯನ್ನು, ಮತ್ತು ನಿಮ್ಮ ತಮ್ಮನಿಗೆ ಬೇಕಾಗಿರುವುದೂ ಅದೇ. ಪರವಾನಗಿಗೆ ಎರಡು ಕಡೆಯಿಂದ ಕುತ್ತು ಬರುತ್ತದೆ. ಮೊದಲನೆಯದು ಸಾರಿಗೆ ಕಚೇರಿಯದು. ಪೊಲೀಸರು 206ನೇ ಕಲಮಿನಡಿ ಪರವಾನಗಿಯನ್ನು ವಶಕ್ಕೆ ಪಡೆದು ಆರ್‌ಟಿಒಗೆ ಕಳುಹಿಸುತ್ತಾರೆ. ಅವರು 19ನೇ ಕಲಮಿನಡಿ ನೋಟಿಸು ಕೊಟ್ಟು, ನಿಮ್ಮ ಮಾತು ಕೇಳಿ, ಮೊದಲ ಅಪರಾಧವಾದರೆ ಮೂರು ತಿಂಗಳು ಅನರ್ಹಗೊಳಿಸಬಹುದು, ಅಥವಾ ಕೈಬಿಡಬಹುದು. ಎರಡನೆಯ ಸಲವಾದರೆ ಪರವಾನಗಿಯೇ ರದ್ದಾಗುವ ಪ್ರಸಂಗ ಬರುತ್ತದೆ. ಅಮಾನತು ಮಾಡುವ ಅಧಿಕಾರ ಪರವಾನಗಿ ಪ್ರಾಧಿಕಾರದ್ದು. ಪೊಲೀಸರು ವಶಪಡಿಸಿ ಕಳುಹಿಸಬಲ್ಲರು, ಅಷ್ಟೇ. ಆರ್‌ಟಿಒ ಆದೇಶದ ವಿರುದ್ಧ ಮೂವತ್ತು ದಿನಗಳೊಳಗೆ ಮೇಲ್ಮನವಿಗೆ ಅವಕಾಶವಿದೆ.

ಎರಡನೆಯದು ನ್ಯಾಯಾಲಯದ್ದು. 20ನೇ ಕಲಮಿನ ಎರಡನೆಯ ಉಪಕಲಮಿನಲ್ಲಿ, 185ರ ಅಡಿ ಶಿಕ್ಷೆ ವಿಧಿಸುವ ನ್ಯಾಯಾಲಯವು ಚಾಲಕನನ್ನು ಕನಿಷ್ಠ ಆರು ತಿಂಗಳು ಅನರ್ಹಗೊಳಿಸಿ ಆದೇಶಿಸತಕ್ಕದ್ದು ಎಂದಿದೆ. ದಿನಕ್ಕೆ ಹತ್ತಾರು ಇಂಥ ಪ್ರಕರಣಗಳು ಬರುವ ಪೀಠಗಳಲ್ಲಿ ದಂಡವಷ್ಟೇ ಆಗಿ, ಈ ಆದೇಶವಿಲ್ಲದೆ ಮುಗಿದದ್ದನ್ನು ನಾನು ಕಂಡಿದ್ದೇನೆ. ಆದರೆ ಹಾಗೆಯೇ ಆಗುತ್ತದೆಂದು ನಂಬಿ ಬಾಗಿಲೊಳಗೆ ಹೋಗುವುದು ಬೇರೆ, ಆಗಬಹುದಾದದ್ದನ್ನು ತಿಳಿದು ಹೋಗುವುದು ಬೇರೆ. ಅನರ್ಹತೆಯ ಅವಧಿಯಲ್ಲಿ ವಾಹನ ಚಲಾಯಿಸಿದರೆ 182ನೇ ಕಲಮಿನ ಅಡಿ ಮತ್ತೊಂದು ಪ್ರಕರಣವಾಗುತ್ತದೆ. ಅದರ ದಂಡವೂ ಹತ್ತು ಸಾವಿರ, ಜೊತೆಗೆ ಮೂರು ತಿಂಗಳವರೆಗಿನ ಸೆರೆವಾಸದ ಭಯವೂ ಇದೆ.

ಆದ್ದರಿಂದ ವಕೀಲರು ಬೇಕೇ ಎಂಬುದಕ್ಕೆ ನನ್ನ ಉತ್ತರ: ಬೇಕು, ಅದೂ ತಪ್ಪೊಪ್ಪಿಕೊಳ್ಳುವ ಮುನ್ನ. ಒಪ್ಪಿಕೊಂಡ ಮೇಲೆ ಬರುವ ಕಕ್ಷಿದಾರರಿಗೆ ನಾವು ಮಾಡಬಹುದಾದದ್ದು ಬಹಳ ಕಡಿಮೆ. ತಪ್ಪೊಪ್ಪಿಗೆಯ ಮೇಲೆ ಆದ ಶಿಕ್ಷೆಗೆ, ಶಿಕ್ಷೆಯ ಪ್ರಮಾಣ ಮತ್ತು ಅದರ ಕಾನೂನುಬದ್ಧತೆಯ ಮಟ್ಟಿಗೆ ಬಿಟ್ಟರೆ, ಮೇಲ್ಮನವಿಯೇ ಇರುವುದಿಲ್ಲ. ಆದರೆ ವಕೀಲರನ್ನು ಹಿಡಿದ ಮಾತ್ರಕ್ಕೆ ಪ್ರಕರಣವನ್ನು ಹೋರಾಡಿಯೇ ತೀರಬೇಕೆಂದೂ ಇಲ್ಲ. ಕಾಗದ ನೋಡಿ "ಇದರಲ್ಲಿ ಹುರುಳಿಲ್ಲ, ಒಪ್ಪಿಕೊಳ್ಳಿ, ಮೊದಲ ತಪ್ಪು, ಅಪಘಾತವಿಲ್ಲ, ಉದ್ಯೋಗಕ್ಕೆ ಪರವಾನಗಿ ಬೇಕು ಎಂಬುದನ್ನು ಬರವಣಿಗೆಯಲ್ಲಿ ಕೊಟ್ಟು ದಯೆ ಕೇಳೋಣ" ಎಂದು ಹೇಳುವವರೇ ಅನೇಕ ಸಲ ಒಳ್ಳೆಯ ವಕೀಲರು. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಎಚ್ಚರಿಕೆ ಕೊಟ್ಟು ಬಿಡುವಂತೆ ಕೋರುವುದೂ ಉಂಟು. ಕೊಡುವುದು ಬಿಡುವುದು ನ್ಯಾಯದಂಡಾಧಿಕಾರಿಗಳ ವಿವೇಚನೆ, ಎಲ್ಲ ಪೀಠಗಳೂ ಒಪ್ಪುವುದಿಲ್ಲ.

ನಿಮ್ಮ ತಂದೆಯವರ ವಿಷಯ ಸರಳ. 188ನೇ ಕಲಮಿನಲ್ಲಿ 185ರ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆ ಎಂದಿದೆ. ಮಗ ಕುಡಿದಿದ್ದಾನೆಂದು ತಿಳಿದೂ ಕೀಲಿ ಕೈಗಿತ್ತಿದ್ದರೆ ಮಾತು ಬೇರೆ; ಮನೆಯಲ್ಲಿ ಮಲಗಿದ್ದ ಮಾಲೀಕರಿಗೆ ಅದು ತಟ್ಟುವುದಿಲ್ಲ. ಬೈಕನ್ನು ಬಿಡಿಸಿಕೊಳ್ಳಲು ಮಾತ್ರ ಆರ್‌ಸಿಯಲ್ಲಿ ಹೆಸರಿರುವ ಅವರೇ ಮುಂದೆ ಬರಬೇಕಾಗುತ್ತದೆ.

ಉತ್ತರ: ಹಾವೇರಿಯ ಗಾಡಿ ಮಾಲೀಕ

ವಕೀಲ ಸಾಹೇಬರು ಹೇಳಿದ್ದಕ್ಕೆ ನನ್ನ ಅನುಭವವೇ ಸಾಕ್ಷಿ. ನನ್ನದು ಸಣ್ಣ ಸರಕು ಸಾಗಣೆಯ ಗಾಡಿ. ಬ್ಯಾಡಗಿಯ ಮಾರುಕಟ್ಟೆಯಿಂದ ಮೆಣಸಿನಕಾಯಿ ಹೇರಿಕೊಂಡು ಹೋಗುವುದು, ಹಿಂದಿರುಗುವಾಗ ಕಿರಾಣಿ ಸಾಮಾನು ತರುವುದು ನನ್ನ ಉದ್ಯೋಗ. ಎರಡು ವರ್ಷಗಳ ಹಿಂದೆ, ಕೆಲಸವಿಲ್ಲದ ಒಂದು ಸಂಜೆ, ನಾನು ನನ್ನ ಬೈಕಿನಲ್ಲಿ ಸಿಕ್ಕಿಬಿದ್ದೆ. ಆಗ ನನಗೂ ಒಬ್ಬ ಮಧ್ಯವರ್ತಿ ಗಂಟುಬಿದ್ದ. ಹಣ ಕೊಟ್ಟೆ. ಒಳಗೆ ಕರೆದಾಗ "ಹೌದು" ಎಂದು ಮಾತ್ರ ಹೇಳು ಎಂದು ಕಲಿಸಿಕೊಟ್ಟ, ಹೇಳಿದೆ. ಎಲ್ಲವೂ ಐದು ನಿಮಿಷದೊಳಗೆ ಮುಗಿಯಿತು, ನಾನು ಚಹಾ ಕುಡಿದು ಬೈಕು ತೆಗೆದುಕೊಂಡು ಮನೆಗೆ ಹೋದೆ.

ಮುಗಿಯಿತೆಂದುಕೊಂಡಿದ್ದು ನನ್ನ ತಪ್ಪು. ಕೆಲವು ವಾರಗಳ ಮೇಲೆ ಸಾರಿಗೆ ಕಚೇರಿಯಿಂದ ನೋಟಿಸು ಬಂತು. ಅದನ್ನು ಹಳೆಯ ವಿಳಾಸಕ್ಕೆ ಕಳುಹಿಸಿದ್ದರಿಂದ ನನ್ನ ಕೈಗೆ ಸಿಗುವಷ್ಟರಲ್ಲಿ ವಿಚಾರಣೆಯ ದಿನ ದಾಟಿತ್ತು. ನನ್ನ ಮಾತು ಕೇಳದೆಯೇ ಮೂರು ತಿಂಗಳ ಆದೇಶವಾಯಿತು. ಪರವಾನಗಿಯಲ್ಲಿದ್ದ ಎಲ್ಲ ವರ್ಗದ ವಾಹನಗಳಿಗೂ ಅದು ಅನ್ವಯಿಸಿತು. ತಪ್ಪು ಮಾಡಿದ್ದು ಬೈಕಿನಲ್ಲಿ, ನಿಂತಿದ್ದು ಹೊಟ್ಟೆ ಹೊರೆಯುವ ಗಾಡಿ. ಆದೇಶದಲ್ಲಿ ಯಾವ ವರ್ಗದ ವಾಹನವೆಂದು ಬೇರೆ ಮಾಡಲು ಕಾಯ್ದೆಯಲ್ಲಿ ಅವಕಾಶವಿತ್ತೆಂದು ನನಗೆ ಆಮೇಲೆ ತಿಳಿಯಿತು. ಕೇಳಬೇಕಾದ ದಿನ ನಾನು ಅಲ್ಲಿರಲಿಲ್ಲ, ನನ್ನ ಪರವಾಗಿ ಯಾರೂ ಇರಲಿಲ್ಲ. ಆ ಮೂರು ತಿಂಗಳು ಬೇರೆ ಚಾಲಕನನ್ನು ಇಟ್ಟುಕೊಂಡು ಕೊಟ್ಟ ಪಗಾರದಲ್ಲಿ ನಾಲ್ಕು ಜನ ವಕೀಲರ ಶುಲ್ಕ ಕೊಡಬಹುದಾಗಿತ್ತು.

ಅಣ್ಣಾವ್ರೇ, ಮೊದಲು ತಮ್ಮನ ಪರವಾನಗಿಯಲ್ಲಿರುವ ವಿಳಾಸ ಈಗಿನದೇ ಎಂದು ನೋಡಿರಿ. ಆ ಜೆರಾಕ್ಸ್ ಅಂಗಡಿಯವರ ಕೈಗೆ ಮಾತ್ರ ಒಂದು ಪೈಸೆಯನ್ನೂ ಕೊಡಬೇಡಿರಿ. ನ್ಯಾಯಾಲಯದಲ್ಲಿ ಕಟ್ಟುವ ದಂಡಕ್ಕೆ ರಸೀದಿ ಇರುತ್ತದೆ. ಉಳಿದ ಮೂರು ಸಾವಿರಕ್ಕೆ ಯಾವ ರಸೀದಿಯೂ ಇರುವುದಿಲ್ಲ.

ಉತ್ತರ: ಗದಗಿನ ವೈದ್ಯ

ತಪಾಸಣೆಯ ಬಗೆಗೆ ಮಾತ್ರ ಒಂದೆರಡು ಮಾತು. ಯಂತ್ರವು ರಕ್ತವನ್ನು ಅಳೆಯುವುದಿಲ್ಲ. ಉಸಿರಿನಲ್ಲಿರುವ ಮದ್ಯಸಾರವನ್ನು ಅಳೆದು, ಅದನ್ನು ಸಾಮಾನ್ಯವಾಗಿ 2100ಕ್ಕೆ 1 ಎಂಬ ಅನುಪಾತದಲ್ಲಿ ರಕ್ತದ ಲೆಕ್ಕಕ್ಕೆ ಪರಿವರ್ತಿಸಿ ತೋರಿಸುತ್ತದೆ. ಆದ್ದರಿಂದ ಯಂತ್ರದ ಮಾಪನವನ್ನು ನಿಯತವಾಗಿ ಸರಿಪಡಿಸಿರಬೇಕು, ಮತ್ತು ಬಾಯಿಯಲ್ಲಿಯೇ ಉಳಿದ ಮದ್ಯಸಾರ ಲೆಕ್ಕಕ್ಕೆ ಸೇರದಂತೆ ನೋಡಿಕೊಳ್ಳಬೇಕು. ಬಾಯಿ ಮುಕ್ಕಳಿಸುವ ದ್ರಾವಣ, ಕೆಲವು ಕೆಮ್ಮಿನ ಔಷಧಗಳು, ಮದ್ಯಸಾರದಲ್ಲಿ ತಯಾರಿಸಿದ ಹೋಮಿಯೋಪತಿ ಹನಿಗಳು ತೆಗೆದುಕೊಂಡ ಕೂಡಲೇ ಊದಿದರೆ ಅಂಕಿ ಏರುತ್ತದೆ. ಹದಿನೈದು ನಿಮಿಷ ಬಿಟ್ಟು ಊದಿದರೆ ಆ ಏರಿಕೆ ಬಹುಮಟ್ಟಿಗೆ ಇಳಿದಿರುತ್ತದೆ.

ಆದರೆ ಗೆಳೆಯರೊಂದಿಗಿನ ಊಟದ ನಂತರ ಬಂದ 64 ಎಂಬ ಅಂಕಿಗೆ ಕೆಮ್ಮಿನ ಔಷಧದ ನೆಪ ಹೊಂದುವುದಿಲ್ಲ, ಅದನ್ನು ಹೇಳಿಕೊಡಲು ಯಾರಾದರೂ ಮುಂದಾದರೆ ಒಪ್ಪಬೇಡಿ. 100 ಮಿಲಿಲೀಟರ್ ರಕ್ತದ ಲೆಕ್ಕದಲ್ಲಿ ದೇಹವು ಗಂಟೆಗೆ ಸರಾಸರಿ 15 ಮಿಲಿಗ್ರಾಂನಷ್ಟು ಮಾತ್ರ ಮದ್ಯಸಾರವನ್ನು ಕರಗಿಸುತ್ತದೆ. ಅಂದರೆ 64ರಿಂದ 30ಕ್ಕೆ ಇಳಿಯಲು ಎರಡು ಗಂಟೆಗೂ ಹೆಚ್ಚು ಬೇಕು. ಲಿಂಬೆರಸ, ಮಜ್ಜಿಗೆ, ತಣ್ಣೀರ ಸ್ನಾನ, ಯಾವುದೂ ಈ ಲೆಕ್ಕವನ್ನು ಬದಲಿಸುವುದಿಲ್ಲ.

ಉಣಕಲ್ಲಿನ ಅಣ್ಣ

ಮೂವರಿಗೂ ಕೃತಜ್ಞತೆಗಳು. ವೈದ್ಯರು ಹೇಳಿದ್ದನ್ನು ತಮ್ಮನಿಗೆ ಓದಿ ಹೇಳಿದೆ, ಅವನು ಮಾತನಾಡಲಿಲ್ಲ.

ಇನ್ನೂ ಮೂರು ಸಂದೇಹಗಳಿವೆ. ಒಂದು, ಎರಡು ಗಂಟೆಗಳೊಳಗೆ ವೈದ್ಯರ ಬಳಿ ರಕ್ತಪರೀಕ್ಷೆ ಮಾಡಿಸದಿದ್ದರೆ ಕೇಸು ಬಿದ್ದುಹೋಗುತ್ತದೆ ಎಂದು ಅವನ ಗೆಳೆಯರು ಹೇಳುತ್ತಾರೆ. ತಮ್ಮನಿಗೆ ರಕ್ತಪರೀಕ್ಷೆ ಆಗಿಲ್ಲ. ಇದು ನಿಜವೇ? ಎರಡು, ಕಂಪನಿಯವರಿಗೆ ತಿಳಿಸಬೇಕೇ? ಮೂರು, ವಕೀಲರನ್ನು ಹುಡುಕುವುದು ಹೇಗೆ? ನಮ್ಮ ಮನೆತನದಲ್ಲಿ ಹೊಲದ ವ್ಯಾಜ್ಯ ಬಿಟ್ಟರೆ ಯಾರೂ ನ್ಯಾಯಾಲಯದ ಮೆಟ್ಟಿಲು ಹತ್ತಿದವರಲ್ಲ, ಹೊಲದ ಕೇಸು ನಡೆಸಿದ ವಕೀಲರೇ ಇದನ್ನೂ ನಡೆಸಬಹುದೇ?

ಉತ್ತರ: ಧಾರವಾಡದ ವಕೀಲ

ಎರಡು ಗಂಟೆಯ ಮಾತು ನಮ್ಮ ಭಾಗದಲ್ಲಿ ಬಹಳ ಓಡಾಡುತ್ತದೆ, ಮತ್ತು ಬಹುತೇಕ ತಪ್ಪಾಗಿಯೇ ಓಡಾಡುತ್ತದೆ. 202ನೇ ಕಲಮು ಹೇಳುವುದು ಬಂಧನದ ವಿಷಯ. 185ರ ಅಪರಾಧಕ್ಕಾಗಿ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಯು ವಾರಂಟ್ ಇಲ್ಲದೆ ಬಂಧಿಸಬಹುದು. ಹಾಗೆ ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಮಾಡಿಸಬೇಕು, ಇಲ್ಲವಾದರೆ ಅವನನ್ನು ಬಂಧನದಿಂದ ಬಿಡಬೇಕು. ಬಿಡುಗಡೆಯಾಗುವುದು ಲಾಕಪ್ಪಿನಿಂದ, ಆರೋಪದಿಂದಲ್ಲ. ನಿಮ್ಮ ತಮ್ಮನನ್ನು ಬಂಧಿಸಿಯೇ ಇಲ್ಲ, ನೋಟಿಸು ಕೊಟ್ಟು ಕಳುಹಿಸಿದ್ದಾರೆ. ಆದ್ದರಿಂದ ಆ ವಾದ ಇಲ್ಲಿ ನಿಲ್ಲುವುದಿಲ್ಲ. ಉಸಿರು ಕೊಡಲು ನಿರಾಕರಿಸಿದ್ದರೆ ಪಾರಾಗುತ್ತಿದ್ದ ಎಂಬ ಮಾತಿಗೂ ಬೆಲೆಯಿಲ್ಲ. ಸಕಾರಣವಿಲ್ಲದ ನಿರಾಕರಣೆಯನ್ನೇ ಆರೋಪಕ್ಕೆ ಬೆಂಬಲವಾಗಿ ಬಳಸಿಕೊಳ್ಳಲು 205ನೇ ಕಲಮು ಅವಕಾಶ ಕೊಡುತ್ತದೆ.

ಹಾಗಾದರೆ ವಕೀಲರು ನೋಡುವುದು ಏನನ್ನು? ಯಂತ್ರದ ಚೀಟಿಯನ್ನು. ಅದರಲ್ಲಿ ದಿನಾಂಕ, ವೇಳೆ, ಯಂತ್ರದ ಕ್ರಮಸಂಖ್ಯೆ, ಅಂಕಿ ಮುದ್ರಿತವಾಗಿವೆಯೇ ಅಥವಾ ಕೈಯಿಂದ ಬರೆದದ್ದೇ. ಚೀಟಿಯ ವೇಳೆಯೂ ದೋಷಾರೋಪದಲ್ಲಿ ಬರೆದ ವೇಳೆಯೂ ಒಂದೇ ಇವೆಯೇ. ಯಂತ್ರದ ಮಾಪನ ಸರಿಪಡಿಸಿದ ಪ್ರಮಾಣಪತ್ರವನ್ನು ಹಾಜರುಪಡಿಸಿದ್ದಾರೆಯೇ. ಪರೀಕ್ಷೆ ಮಾಡಿದ ಅಧಿಕಾರಿಯೇ ಸಾಕ್ಷಿಯ ಪಟ್ಟಿಯಲ್ಲಿದ್ದಾರೆಯೇ. ಬರಿಯ ವಾಸನೆ, ತೂರಾಡುವಿಕೆಗಳಿಂದಲೇ ಕುಡಿದಿದ್ದನೆಂದು ತೀರ್ಮಾನಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 1971ರ ಬಚುಭಾಯಿ ಹಸನಲ್ಲಿ ಕರ್ಯಾನಿ ಪ್ರಕರಣದಲ್ಲಿ ಹೇಳಿತ್ತು. ಹಾಗಾಗಿ ಅಂಕಿಯ ಸಾಕ್ಷ್ಯ ಸಡಿಲವಾದ ಕಡೆ ವಾದಕ್ಕೆ ಎಡೆಯಿರುತ್ತದೆ. ನಿಮ್ಮ ಪ್ರಕರಣದಲ್ಲಿ ಮುದ್ರಿತ ಚೀಟಿ ಇದೆ, ಸಹಿ ಇದೆ, ಅಂಕಿ ಮಿತಿಯ ಇಮ್ಮಡಿಗಿಂತ ಹೆಚ್ಚಿದೆ. ಪ್ರಮಾಣಪತ್ರವೂ ಸರಿಯಾಗಿದ್ದರೆ ಹೋರಾಡಿ ಒಂದೂವರೆ ವರ್ಷ ಅಲೆಯುವುದಕ್ಕಿಂತ ಪರವಾನಗಿಯ ಪ್ರಶ್ನೆಯ ಮೇಲೆ ಶಕ್ತಿ ಹಾಕುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಧಾರವಾಡದ ಉಚ್ಚ ನ್ಯಾಯಾಲಯ ಪೀಠಕ್ಕೆ ಹೋಗಿ ಪ್ರಕರಣ ರದ್ದುಪಡಿಸಿಕೊಳ್ಳುವ ಆಸೆ ತೋರಿಸುವವರೂ ಸಿಗುತ್ತಾರೆ. ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 528ನೇ ಕಲಮಿನಡಿ ಆ ದಾರಿ ಇದೆ, ಆದರೆ ಗಟ್ಟಿಯಾದ ಕಾನೂನು ದೋಷವಿಲ್ಲದೆ ಅಲ್ಲಿಗೆ ಹೋದರೆ ದಂಡದ ಎರಡು ಪಟ್ಟು ಖರ್ಚು ಮಾಡಿ ಬರಿಗೈಯಲ್ಲಿ ಬರುತ್ತೀರಿ.

ಬೈಕಿನ ಬಿಡುಗಡೆಗೆ ಪ್ರಕರಣ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಬಿಎನ್‌ಎಸ್‌ಎಸ್‌ನ 503ನೇ ಕಲಮಿನಡಿ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 457ರಡಿ, ತಂದೆಯವರಿಂದ ಅರ್ಜಿ ಹಾಕಿಸಿ, ಬಾಂಡ್ ಬರೆದುಕೊಟ್ಟು ಮಧ್ಯಂತರವಾಗಿ ಬಿಡಿಸಿಕೊಳ್ಳಬಹುದು. ವಾಹನಗಳನ್ನು ಠಾಣೆಯ ಬಯಲಿನಲ್ಲಿ ಮಳೆ ಬಿಸಿಲಿಗೆ ಕೊಳೆಯಲು ಬಿಡಬಾರದೆಂದು ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2002ರಲ್ಲಿಯೇ ಹೇಳಿದೆ. "ತಪ್ಪೊಪ್ಪಿಕೊಂಡರೆ ಮಾತ್ರ ಗಾಡಿ ಸಿಗುತ್ತದೆ" ಎಂಬ ಆತುರವೇ ಜನರನ್ನು ಮಧ್ಯವರ್ತಿಗಳ ಕೈಗೆ ಒಪ್ಪಿಸುತ್ತದೆ.

ಕಂಪನಿಯ ವಿಷಯದಲ್ಲಿ ನೇಮಕಾತಿ ಪತ್ರವನ್ನು ಓದಿ. ಕ್ರಿಮಿನಲ್ ಪ್ರಕರಣ ದಾಖಲಾದರೆ ತಿಳಿಸಬೇಕೆಂಬ ಷರತ್ತು ಇದ್ದರೆ ತಿಳಿಸಲೇಬೇಕು. ಮುಂದೆ ಸರ್ಕಾರಿ ಹುದ್ದೆಗೆ ಅರ್ಜಿ ಹಾಕುವ ಯೋಚನೆ ಇದ್ದರೆ, ದೃಢೀಕರಣ ನಮೂನೆಯಲ್ಲಿ "ಯಾವುದಾದರೂ ಪ್ರಕರಣವಿದೆಯೇ" ಎಂಬ ಅಂಕಣಕ್ಕೆ ನಿಜವನ್ನೇ ಬರೆಯಬೇಕು. ಸರ್ವೋಚ್ಚ ನ್ಯಾಯಾಲಯದ 2016ರ ಅವತಾರ್ ಸಿಂಗ್ ತೀರ್ಪಿನ ನಂತರ ಸಣ್ಣ ಪ್ರಕರಣಗಳನ್ನು ಉದ್ಯೋಗದಾತರು ಮನ್ನಿಸಲು ಅವಕಾಶವಿದೆ. ಆದರೆ ಮುಚ್ಚಿಟ್ಟದ್ದು ಹೊರಬಿದ್ದರೆ ಮುಚ್ಚಿಟ್ಟದ್ದೇ ದೊಡ್ಡ ದೋಷವಾಗುತ್ತದೆ. ಪ್ರಕರಣ ಬಾಕಿ ಇರುವಾಗ ಪಾಸ್‌ಪೋರ್ಟಿಗೂ ತೊಡಕಾಗಬಹುದು, ಅದಕ್ಕೆ ನ್ಯಾಯಾಲಯದ ಅನುಮತಿ ಪಡೆಯಬೇಕಾಗುತ್ತದೆ.

ಹೊಲದ ವ್ಯಾಜ್ಯ ನಡೆಸಿದವರು ಸಜ್ಜನರಾಗಿರಬಹುದು, ಆದರೆ ಈ ಪ್ರಕರಣಕ್ಕೆ ಪ್ರಥಮ ದರ್ಜೆ ನ್ಯಾಯದಂಡಾಧಿಕಾರಿಗಳ (ಜೆಎಂಎಫ್‌ಸಿ) ನ್ಯಾಯಾಲಯದಲ್ಲಿ ದಿನನಿತ್ಯ ನಿಲ್ಲುವವರು ಬೇಕು. ಹೊಲದ ಕೇಸಿನವರನ್ನೇ ಕೇಳಿ, ವಕೀಲರು ತಮಗೆ ಪರಿಚಯವಿರುವ ಕ್ರಿಮಿನಲ್ ವಕೀಲರ ಹೆಸರು ಹೇಳಲು ಹಿಂಜರಿಯುವುದಿಲ್ಲ. ಅಂತರ್ಜಾಲದ ಜಾಹೀರಾತು ನೋಡಿ ಹೋಗಬೇಡಿ. ಭಾರತೀಯ ವಕೀಲರ ಪರಿಷತ್ತಿನ ನಿಯಮ 36ರ ಪ್ರಕಾರ ನಾವು ಜಾಹೀರಾತು ಮೂಲಕ ಕೆಲಸ ಕೇಳುವಂತಿಲ್ಲ, ನಿಯಮ 20ರ ಪ್ರಕಾರ ಗೆದ್ದರೆ ಮಾತ್ರ ಶುಲ್ಕ ಎಂಬ ಒಪ್ಪಂದವನ್ನೂ ಮಾಡಿಕೊಳ್ಳುವಂತಿಲ್ಲ. ಹೊರಗೆ ನಿಂತು ಕರೆಯುವವರು ಎರಡನ್ನೂ ಮಾಡುತ್ತಾರೆಂದರೆ ಅವರು ಯಾರೆಂದು ನೀವೇ ಊಹಿಸಿ. ನೋಂದಣಿ ಸಂಖ್ಯೆ ಕೇಳುವುದರಲ್ಲಿ ಸಂಕೋಚ ಬೇಡ. ವಕಾಲತ್ತಿನ, ಅಂದರೆ ವಕೀಲರನ್ನು ನೇಮಿಸುವ ಪತ್ರದ, ಮೇಲೆ ಅದು ಇದ್ದೇ ಇರುತ್ತದೆ. ಖಾಲಿ ವಕಾಲತ್ತಿಗೆ ಸಹಿ ಹಾಕಬೇಡಿ. ಶುಲ್ಕದಲ್ಲಿ ಸಾರಿಗೆ ಕಚೇರಿಯ ವಿಚಾರಣೆಯೂ ಸೇರಿದೆಯೇ ಎಂದು ಮೊದಲೇ ಕೇಳಿಕೊಳ್ಳಿ, ಹಾವೇರಿಯವರಿಗೆ ಪೆಟ್ಟು ಬಿದ್ದದ್ದು ಅಲ್ಲಿಯೇ. ಶುಲ್ಕ ಕೊಡಲು ಶಕ್ತಿಯಿಲ್ಲದವರಿಗೆ, ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಬಂಧನದಲ್ಲಿರುವವರಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ವಕೀಲರ ನೆರವು ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಬಹುದು, 15100ಕ್ಕೆ ಕರೆ ಮಾಡಿಯೂ ಕೇಳಬಹುದು.

ಕರೆದ ತಾರೀಖಿಗೆ ಮಾತ್ರ ತಪ್ಪಿಸಬೇಡಿ. ಗೈರುಹಾಜರಾದರೆ ಸಮನ್ಸು ಹೋಗಿ ವಾರಂಟ್ ಬರುತ್ತದೆ, ಆಗ ಹತ್ತು ಸಾವಿರದ ಪ್ರಕರಣಕ್ಕೆ ಜಾಮೀನುದಾರರನ್ನು ಹುಡುಕಿಕೊಂಡು ಓಡಾಡಬೇಕಾಗುತ್ತದೆ.

ಉತ್ತರ: ವಿಮಾ ಸರ್ವೇಯರ್, ಬೆಟಗೇರಿ

ಈ ಚರ್ಚೆಯಲ್ಲಿ ಯಾರೂ ವಿಮೆಯ ಮಾತೆತ್ತದ್ದರಿಂದ ಬರೆಯುತ್ತಿದ್ದೇನೆ. ಉಣಕಲ್ಲಿನವರ ತಮ್ಮ ಪುಣ್ಯವಂತ. ತಪಾಸಣೆಯಲ್ಲಿ ಸಿಕ್ಕ, ಅಪಘಾತದಲ್ಲಿ ಅಲ್ಲ.

ಕೆಲವು ವರ್ಷಗಳ ಹಿಂದೆ ಅಣ್ಣಿಗೇರಿಯ ಕಡೆಯಿಂದ ಬರುತ್ತಿದ್ದ ಕಾರೊಂದು ರಾತ್ರಿ ಸೇತುವೆಯ ಕಟ್ಟೆಗೆ ಬಡಿದ ಪ್ರಕರಣವನ್ನು ನಾನು ಪರಿಶೀಲಿಸಿದ್ದೆ. ಯಂತ್ರದಲ್ಲಿ ಊದಿಸಿರಲಿಲ್ಲ, ರಕ್ತಪರೀಕ್ಷೆಯೂ ಆಗಿರಲಿಲ್ಲ. ಪೊಲೀಸ್ ಪ್ರಕರಣವಿಲ್ಲ ಎಂದ ಮೇಲೆ ವಿಮೆ ಸಿಕ್ಕೇ ಸಿಗುತ್ತದೆಂದು ಮಾಲೀಕರು ನಂಬಿದ್ದರು. ಆಸ್ಪತ್ರೆಯ ದಾಖಲೆಯಲ್ಲಿ ಕರ್ತವ್ಯದ ವೈದ್ಯರು ಬಾಯಿಯಿಂದ ಮದ್ಯದ ವಾಸನೆ ಬರುತ್ತಿತ್ತೆಂದು ಒಂದು ಸಾಲು ಬರೆದಿದ್ದರು. ಕಾರಿನ ನಷ್ಟದ ಹಣ ಆ ಸಾಲಿನ ಮೇಲೆಯೇ ನಿಂತುಹೋಯಿತು. ಕ್ರಿಮಿನಲ್ ಪ್ರಕರಣಕ್ಕೆ 30 ಮಿಲಿಗ್ರಾಂ ಸಾಬೀತಾಗಬೇಕು, ಆದರೆ ವಿಮಾ ಒಪ್ಪಂದದ ಷರತ್ತಿಗೆ ಅದೇ ಅಳತೆ ಬೇಕೆಂದಿಲ್ಲ, ಬೇರೆ ಸಂದರ್ಭಗಳಿಂದಲೂ ಅಮಲನ್ನು ತೋರಿಸಬಹುದೆಂದು ಸರ್ವೋಚ್ಚ ನ್ಯಾಯಾಲಯ 2021ರ ಪರ್ಲ್ ಬೆವರೇಜಸ್ ಪ್ರಕರಣದಲ್ಲಿ ಹೇಳಿದೆ. ವಕೀಲರು 1971ರ ತೀರ್ಪನ್ನು ಹೇಳಿದ್ದಾರೆ, ಅದು ಕ್ರಿಮಿನಲ್ ಕಟ್ಟೆಯ ಮಾತು. ಓದುಗರು ಎರಡನ್ನೂ ಬೆರೆಸಬಾರದು.

ಮೂರನೆಯವರಿಗೆ ಗಾಯವಾದರೆ ಪೆಟ್ಟು ಇನ್ನೂ ದೊಡ್ಡದು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ಕಾಯ್ದೆಯ 150ನೇ ಕಲಮಿನಲ್ಲಿ, 185ರಲ್ಲಿ ಹೇಳಿದಂತೆ ಮದ್ಯದ ಅಮಲಿನಲ್ಲಿ ಚಲಾಯಿಸಿದ್ದನ್ನು ವಿಮಾ ಕಂಪನಿಯು ತನ್ನ ರಕ್ಷಣೆಗೆ ಎತ್ತಬಹುದಾದ ಕಾರಣಗಳಲ್ಲಿ ಸೇರಿಸಲಾಗಿದೆ. ಗಾಯಾಳುವಿಗೆ ಮೊದಲು ಪರಿಹಾರ ಕೊಟ್ಟು ನಂತರ ಮಾಲೀಕರಿಂದ ವಸೂಲು ಮಾಡಿಕೊಳ್ಳುವಂತೆ ಆದೇಶವಾಗುವುದುಂಟು. ನಿಮ್ಮ ಮನೆಯಲ್ಲಿ ಬೈಕು ತಂದೆಯವರ ಹೆಸರಿನಲ್ಲಿದೆ ಎಂದಿರಿ. 188ನೇ ಕಲಮಿನಿಂದ ಅವರಿಗೆ ಭಯವಿಲ್ಲ ಎಂದು ವಕೀಲರು ಧೈರ್ಯ ಹೇಳಿದ್ದು ಸರಿಯೇ. ಆದರೆ ಅಪಘಾತವಾಗಿದ್ದರೆ ಪರಿಹಾರದ ವಸೂಲಿ ನೋಟಿಸು ಬರುತ್ತಿದ್ದದ್ದು ಅವರ ಹೆಸರಿಗೇ.

ಜೀವ ಹೋದರಂತೂ 185 ಬರಿಯ ಬಾಲವಾಗಿ ಉಳಿಯುತ್ತದೆ. ಭಾರತೀಯ ನ್ಯಾಯ ಸಂಹಿತೆಯ 106(1)ರಡಿ ನಿರ್ಲಕ್ಷ್ಯದ ಸಾವಿಗೆ ಈಗ ಐದು ವರ್ಷದವರೆಗಿನ ಶಿಕ್ಷೆ. ಹಳೆಯ ಭಾರತೀಯ ದಂಡ ಸಂಹಿತೆಯ 304ಎ ಅಡಿ ಇದು ಎರಡು ವರ್ಷವಿತ್ತು. ಕುಡಿದು ಓಡಿಸಿದರೆ ಸಾವು ಸಂಭವಿಸಬಹುದೆಂಬ ಅರಿವು ಇತ್ತೆಂದು ಸಾಬೀತಾದರೆ ಪ್ರಕರಣ ನಿರ್ಲಕ್ಷ್ಯದ ಮಟ್ಟವನ್ನೇ ದಾಟುತ್ತದೆ. ಮುಂಬಯಿಯಲ್ಲಿ ಪಾದಚಾರಿ ದಾರಿಯ ಮೇಲೆ ಮಲಗಿದ್ದ ಏಳು ಜನ ಸತ್ತ ಅಲಿಸ್ಟರ್ ಪರೇರಾ ಪ್ರಕರಣದಲ್ಲಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯ ಹಾಗೆಯೇ ಎತ್ತಿಹಿಡಿಯಿತು.

ಉಣಕಲ್ಲಿನ ಅಣ್ಣ

ಬೆಟಗೇರಿಯವರ ಬರಹವನ್ನು ತಂದೆಯವರು ಎರಡು ಸಲ ಓದಿಸಿಕೊಂಡರು. ಆಮೇಲೆ ಬೈಕಿನ ಎರಡನೆಯ ಕೀಲಿಯನ್ನು ತಿಜೋರಿಯಲ್ಲಿಟ್ಟರು.

ನಡೆದದ್ದನ್ನು ತಿಳಿಸುವುದು ನನ್ನ ಕರ್ತವ್ಯ. ನಮ್ಮ ಹೊಲದ ಕೇಸಿನ ವಕೀಲರ ಮೂಲಕ ವಿದ್ಯಾನಗರದ ನ್ಯಾಯಾಲಯ ಸಂಕೀರ್ಣದಲ್ಲಿ ಕ್ರಿಮಿನಲ್ ಪ್ರಕರಣ ನಡೆಸುವ ವಕೀಲರೊಬ್ಬರನ್ನು ಕಂಡೆವು. ಅವರು ಚೀಟಿ ನೋಡಿ ಬಹುಮಟ್ಟಿಗೆ ಇಲ್ಲಿ ಹೇಳಿದ್ದನ್ನೇ ಹೇಳಿದರು: ಯಂತ್ರದ ಪ್ರಮಾಣಪತ್ರದ ನಕಲು ಕೈಗೆ ಬರುವವರೆಗೆ ಒಪ್ಪುವುದೂ ಬೇಡ, ಅಲ್ಲಗಳೆಯುವುದೂ ಬೇಡ. ಬೈಕಿನ ಬಿಡುಗಡೆಗೆ ತಂದೆಯವರ ಸಹಿಯೊಂದಿಗೆ ಅರ್ಜಿ ಸಿದ್ಧವಾಗಿದೆ. ಆರ್‌ಸಿ, ವಿಮೆ, ಆಧಾರ್‌ಗಳ ನಕಲು ಕೊಟ್ಟಿದ್ದೇವೆ. ತಮ್ಮನು ಕಂಪನಿಯ ಮೇಲಧಿಕಾರಿಗೆ ವಿಷಯವನ್ನು ತಾನೇ ತಿಳಿಸಿ, ಪ್ರವಾಸದ ಪಟ್ಟಿಯೊಂದಿಗೆ ತನ್ನ ಉದ್ಯೋಗದ ಬಗೆಗೆ ಅವರಿಂದ ಒಂದು ಪತ್ರ ಪಡೆದು ತಂದಿದ್ದಾನೆ. ಅದನ್ನು ನ್ಯಾಯಾಲಯಕ್ಕೂ ಸಾರಿಗೆ ಕಚೇರಿಗೂ ಕೊಡುವುದೆಂದು ವಕೀಲರು ಹೇಳಿದ್ದಾರೆ. ಪರವಾನಗಿಯ ವಿಳಾಸ ಹಳೆಯ ಬಾಡಿಗೆ ಮನೆಯದೇ ಆಗಿತ್ತು, ಹಾವೇರಿಯವರೇ. ಅದನ್ನು ಬದಲಿಸಲು ಈಗ ಅರ್ಜಿ ಕೊಟ್ಟಿದ್ದೇವೆ, ಹಳೆಯ ಮನೆಯ ಮಾಲೀಕರಿಗೂ ಅಂಚೆ ಬಂದರೆ ಹೇಳಿರೆಂದು ಕೇಳಿಕೊಂಡಿದ್ದೇವೆ.

ಮೊದಲ ತಾರೀಖು ಬರುವ ಬುಧವಾರ. ಅಲ್ಲಿಯವರೆಗೆ ತಮ್ಮ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ, ಗದಗಿಗೆ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಔಷಧದ ಚೀಲ ಹೊತ್ತುಕೊಂಡು ಹೋಗಿಬರುತ್ತಿದ್ದಾನೆ. ಜೆರಾಕ್ಸ್ ಅಂಗಡಿಯವರು ನಿನ್ನೆ ಕರೆ ಮಾಡಿ ಹನ್ನೆರಡು ಸಾವಿರಕ್ಕೆ ಇಳಿದಿದ್ದಾರೆ.